ಅಳಿವೆಯ ಮಿಡಿತ

೨೦೫೮ರ ಆ ಬೆಳಗ್ಗೆ, ಬಂದರಿನ ಕಾಲುವೆ ಕುರಿತ ಅಹವಾಲು ಸಭೆಯಲ್ಲಿ, ತೋಳಿಗೆ ಪಟ್ಟಿ ಬಿಗಿದ ಐದನೇ ನಿಮಿಷಕ್ಕೆ ಪರಿಸರ ಅಧಿಕಾರಿ ಚಂದ್ರಮೌಳಿ ಕಣ್ಣು ಮುಚ್ಚಿದರು. ಅಳಿವೆಯ ಕೆಸರಿನಲ್ಲಿ ಹೂತಿದ್ದ ನಾನೂರು ಸೆನ್ಸರುಗಳು ನೀರಿನ ಉಪ್ಪು, ಆಮ್ಲಜನಕ, ಜೀವಿಗಳ ಅಲುಗಾಟವನ್ನು ಅಳೆದು ಕಳಿಸುತ್ತಿದ್ದವು. ಪಟ್ಟಿ ಅದನ್ನು ನರಗಳಿಗೆ ಅರ್ಥವಾಗುವ ಮಿಡಿತವಾಗಿ ಬದಲಿಸುತ್ತಿತ್ತು. ಹೊರಗೆ ಉಬ್ಬರ ಏರುತ್ತಿತ್ತು.

"ನನ್ನ ಮೈ ಎಲ್ಲಿಗೆ ಮುಗಿಯುತ್ತೆ ಅಂತಾನೇ ಗೊತ್ತಾಗ್ತಿಲ್ಲ, ಮೇಡಂ," ಎಂದರು.

ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಶಾಲ್ಮಲಿ ಗಾಂವಕರ ಹನ್ನೊಂದು ವರ್ಷ ದುಡಿದದ್ದು ಈ ಮಾತಿಗಾಗಿ. 'ನಾನು' ಎಂಬುದು ಚರ್ಮದೊಳಗೆ ಮುಗಿಯುವುದಿಲ್ಲ, ನದಿ ಕಾಡುಗಳೂ ಅದರ ಭಾಗ. ಅದು ಅನುಭವಕ್ಕೆ ಬಂದವರಿಗೆ ಉಪದೇಶ ಬೇಕಿಲ್ಲ, ತಮ್ಮ ಕೈಯನ್ನು ಯಾರೂ ತಾವೇ ಸುಟ್ಟುಕೊಳ್ಳುವುದಿಲ್ಲ ಎಂದು ಅವಳು ನಂಬಿದ್ದಳು.

ಬಂದರಿನ ಕಾಲುವೆಗಾಗಿ ಹೂಳೆತ್ತುವ ಹಡಗು ಪರೀಕ್ಷೆಗೆಂದು ಕೆಲಸ ಶುರುಮಾಡಿತು. ಚಂದ್ರಮೌಳಿ ಎದೆ ಹಿಡಿದುಕೊಂಡರು.

"ಉಸಿರು ಕಟ್ತಿದೆ. ಸ್ವಲ್ಪ ಕಮ್ಮಿ ಮಾಡಿ."

ಸಭೆಯೆಲ್ಲ ನೋಡುತ್ತಿತ್ತು. ಪಟ್ಟಿ ಅಪಾಯಕಾರಿ ಎಂಬ ಹೆಸರು ಬಂದೀತೆಂದು ಶಾಲ್ಮಲಿ ಹೆದರಿದಳು. ಮಿಡಿತವನ್ನು ಅರ್ಧಕ್ಕಿಳಿಸಿದಳು, ಆಮೇಲೆ ಹತ್ತರಲ್ಲಿ ಒಂದು ಪಾಲಿಗೆ.

"ಈಗ ಪರವಾಗಿಲ್ಲ. ತಡ್ಕೋಬಹುದು."

ಕಡತದಲ್ಲೂ ಅವರು ಹಾಗೆಯೇ ಬರೆದರು: ಪರಿಣಾಮ ಸಹ್ಯ. ಹೂಳೆತ್ತಲು ಅನುಮತಿ ಸಿಕ್ಕಿತು. ಎಷ್ಟಕ್ಕೆ ಇಳಿಸಿದಿರಿ ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ಎರಡು ತಿಂಗಳ ನಂತರ ಶಾಲ್ಮಲಿ ಸೆನ್ಸರುಗಳನ್ನು ನೋಡಲು ಹೋದಾಗ, ದೇವಕಿ ಅಂಬಿಗ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಚಿಪ್ಪುಮೀನು ಹೆಕ್ಕುತ್ತಿದ್ದಳು. ಸೆನ್ಸರು ಹೂಳಲು ಜಾಗ ತೋರಿಸಿದವಳು ಅವಳೇ. ಬುಟ್ಟಿಯಲ್ಲಿದ್ದ ಚಿಪ್ಪುಗಳೆಲ್ಲ ಬಾಯಿ ತೆರೆದು ಬರಿದಾಗಿದ್ದವು.

"ಆ ಸಾಹೇಬ್ರಿಗೆ ಎಂತದೂ ಗೊತ್ತಾಗ್ಲಿಲ್ವ, ಅಮಾ?"

"ಗೊತ್ತಾಯ್ತು. ನಾನೇ ಕಡಿಮೆ ಮಾಡಿದೆ."

ದೇವಕಿ ಬೈಯಲಿಲ್ಲ. "ಆವತ್ತು ನೀವೂ ಕಟ್ಕಂಡಿದ್ರಾ?" ಎಂದಷ್ಟೇ ಕೇಳಿದಳು.

ಹಡಗು ಬರುವ ಮುನ್ನವೇ ಶಾಲ್ಮಲಿ ತನ್ನ ಪಟ್ಟಿ ಬಿಚ್ಚಿಟ್ಟಿದ್ದಳು.

ಆ ವಾರವೇ ನಡೆದುದನ್ನೆಲ್ಲ ಬರೆದು ಇಲಾಖೆಗೆ ಕಳಿಸಿದಳು. ತಪ್ಪು ತನ್ನದು, ಅನುಮತಿ ಹಿಂಪಡೆಯಿರಿ ಎಂದು ಬೇಡಿಕೊಂಡಳು. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು, ತುಂಬ ವಿನಯದಿಂದ. ಪೂರ್ಣ ಮಿಡಿತವನ್ನು ಯಾವ ಅಧಿಕಾರಿಯೂ ತಾಳಲಾರರಾದ್ದರಿಂದ, ಆ ಹತ್ತನೇ ಒಂದು ಪಾಲನ್ನೇ ಇನ್ನು ಮುಂದೆ ಎಲ್ಲ ನದಿ, ಕೆರೆ, ಗುಡ್ಡಗಳಿಗೂ ಮಾನದಂಡವಾಗಿ ಒಪ್ಪಲಾಗಿದೆ. ಅದನ್ನು ಮೊದಲು ಗೊತ್ತುಮಾಡಿದವರ ಗೌರವಾರ್ಥ ನಿಯಮದಲ್ಲಿ 'ಗಾಂವಕರ ಮಿತಿ' ಎಂದು ಹೆಸರಿಸಲಾಗಿದೆ.

ಮುಂದಿನ ಸಲ ಅಳಿವೆಗೆ ಹೋದಾಗ, ಸರ್ಕಾರದವರು ಎಂತ ಹೇಳಿದರೆಂದು ದೇವಕಿ ಕೇಳಿದಳು.

"ಇನ್ನೂ ಉತ್ತರ ಬಂದಿಲ್ಲ," ಎಂದಳು ಶಾಲ್ಮಲಿ.