ದುಂಡು ಪಡಸಾಲೆಯಲ್ಲಿ ಟೂ

“ನೀ ಆ ಕಡೆ ಹೋಗು, ನಾ ಈ ಕಡೆ ಹೋಗ್ತೇನಿ. ಇವತ್ತ ನಿನ್ನ ಮುಖಾನ ನೋಡೂದಿಲ್ಲ” ಎಂದು ತಾಯವ್ವ ಎಡಕ್ಕೆ ತಿರುಗಿದಳು.

“ನನಗೇನು ನೋಡಬೇಕಾಗೇತಿ?” ಎಂದು ಸುಗರಾಬಿ ಬಲಕ್ಕೆ ಹೊರಟಳು.

ಅದು ಅರವತ್ತೆರಡನೇ ಇಸವಿ. ಹೊನವಾಡ ಸಾಲಿಯ ಐದನೇ ಇಯತ್ತೆಯ ಮಕ್ಕಳು ವಿಜಾಪುರದ ಗೋಳಗುಮ್ಮಟ ಹತ್ತಿದ್ದರು. ಗುಮ್ಮಟದ ಒಳಗೆ, ಗೋಡೆಗುಂಟ ಸುತ್ತಲೂ ಬಳೆಯ ಹಾಗೆ ದುಂಡಗಿನ ಪಡಸಾಲೆ. ನಡುವೆ ಬಯಲು. ಬಗ್ಗಿ ನೋಡಿದರೆ ಕೆಳಗಿನ ಜನರ ಟೊಪ್ಪಿಗೆ, ರುಮಾಲುಗಳಷ್ಟೇ ಕಾಣುತ್ತಿದ್ದವು. ಉಳಿದ ಮಕ್ಕಳೆಲ್ಲ ಊರು ನೋಡಲು ಹೊರಗಿನ ಮಾಳಿಗೆಗೆ ಓಡಿದ್ದರು.

ತಾಯವ್ವನ ಸಿಟ್ಟಿಗೆ ಕಾರಣವಿತ್ತು. ಬಸ್ಸಿನಲ್ಲಿ ಕಿಡಕಿ ಪಕ್ಕದ ಸೀಟು ಹಿಡಿದಿಡುತ್ತೇನೆ ಎಂದಿದ್ದ ಸುಗರಾಬಿ, ಅದನ್ನು ಅದೇ ಇಯತ್ತೆಯ ಪರಸವ್ವನಿಗೆ ಕೊಟ್ಟುಬಿಟ್ಟಿದ್ದಳು. ತಾಯವ್ವ ದಾರಿಯುದ್ದಕ್ಕೂ ಮಾಸ್ತರ ಕೊಡೆಯಿಂದ ಚುಚ್ಚಿಸಿಕೊಳ್ಳುತ್ತ ನಿಂತೇ ಬಂದಿದ್ದಳು.

ಈಗ ತಲೆ ತಗ್ಗಿಸಿ ಬಿರಬಿರನೆ ನಡೆದಳು. ಸ್ವಲ್ಪ ಹೊತ್ತಿಗೆ ಎದುರಿನಿಂದ ಇನ್ನೊಂದು ತಲೆ ಬಂದು ಢಿಕ್ಕಿ ಹೊಡೆಯಿತು. ಸುಗರಾಬಿ.

“ನನ್ನ ಹಿಂದ ಯಾಕ ಬರಾಕತ್ತೀ?”

“ಹಿಂದ ಎಲ್ಲಿ ಬಂದ್ನಿ? ಮುಂದಿನಿಂದ ಬಂದೇನಿ.”

ಇಬ್ಬರೂ ಹೊರಳಿ ಬಂದ ದಾರಿ ಹಿಡಿದರು. ಹೊರಟಿದ್ದ ಬಾಗಿಲ ಹತ್ತಿರ ಮತ್ತೆ ಮುಖಾಮುಖಿ. ಅಲ್ಲೇ ಕುಳಿತಿದ್ದ ಸಿದ್ದರಾಯ ಮಾಸ್ತರು ಮೀಸೆಯಲ್ಲೇ ನಕ್ಕರು. “ಏನ್ರವಾ, ಮತ್ತ ಭೆಟ್ಟಿ ಆತೇನು?”

ತಾಯವ್ವ ಅರ್ಧ ಸುತ್ತು ನಡೆದು, ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು. “ಮಾತು ಕೊಟ್ಟು ತಪ್ಪಿದಾಕಿ” ಎಂದು ಗೋಡೆಗೆ ಪಿಸುಗುಟ್ಟಿದಳು.

ಗೋಡೆ ತಿರುಗಿ ಮಾತಾಡಿತು. “ಪರಸವ್ವಗ ವಾಂತಿ ಬರಾಕತ್ತಿತ್ತು. ಕಿಡಕಿ ಕೊಡದಿದ್ರ ಮಾಸ್ತರ ಧೋತರದ ಗತಿ ಏನಾಗ್ತಿತ್ತು?”

ತಾಯವ್ವ ಬೆಚ್ಚಿ ತಿರುಗಿದಳು. ಹತ್ತಿರ ಯಾರೂ ಇಲ್ಲ. ಬಯಲಿನಾಚೆ, ಬಾಗಿಲ ಪಕ್ಕದ ಗೋಡೆಗೆ ಬಾಯಿ ಹಚ್ಚಿ ಸುಗರಾಬಿ ಕುಳಿತಿದ್ದಳು. ಅಷ್ಟು ದೂರದಿಂದ ಅವಳು ಗೊಂಬೆಯಷ್ಟೇ ಕಾಣುತ್ತಿದ್ದಳು.

“ಮೊದಲ ಹೇಳಬಾರದಿತ್ತೇನು?” ತಾಯವ್ವ ಮತ್ತೆ ಗೋಡೆಗೆ ತಿರುಗಿ ಮೆಲ್ಲಗೆ ಕೇಳಿದಳು.

“ನೀ ಎಲ್ಲಿ ಹೇಳಾಕ ಬಿಟ್ಟಿ? ಬಸ್ಸಿನ್ಯಾಗೂ ಟೂ, ಮೆಟ್ಟಲದ ಮ್ಯಾಲೂ ಟೂ.”

ಆ ಕಡೆಯಿಂದ ಸುಗರಾಬಿ ಕಿಸಕ್ಕನೆ ನಕ್ಕಿದ್ದು ತಾಯವ್ವನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಇವಳೂ ನಕ್ಕುಬಿಟ್ಟಳು.

ಕೆಳಗಿಳಿಯಲು ಮಾಸ್ತರು ಎಲ್ಲರನ್ನೂ ಕರೆದರು. ತಾಯವ್ವ ಎದ್ದು, ಯಾವ ಕಡೆಯಿಂದ ಹೋದರೆ ಸುಗರಾಬಿ ಬೇಗ ಸಿಗುತ್ತಾಳೆ ಎಂದು ಎರಡೂ ಕಡೆ ನೋಡಿದಳು. ಎರಡೂ ಅಷ್ಟೇ ದೂರ. ಯಾವುದಾದರೇನು ಎಂದುಕೊಂಡು ಓಡತೊಡಗಿದಳು.