ಎಡಗಡೆ ಇಟ್ಟ ಸಾಣೆಕಲ್ಲು

ಶೈಲಾ ನನ್ನ ಮೇಲೆ ಮೊದಲ ಸಲ ಸಿಟ್ಟಾದದ್ದು ಅವಳ ಮದುವೆಗೆ ನಾಲ್ಕೇ ದಿನ ಇರುವಾಗ.

ಲಕ್ಷ್ಮೇಶ್ವರದಲ್ಲಿ ಅವಳಪ್ಪ ಗೋಣೆಪ್ಪ ಮೇಸ್ತ್ರಿಯ ಬಾಗಿಲು-ಕಿಟಕಿ ವರ್ಕ್‌ಶಾಪ್. ನಾನಲ್ಲಿ ಎರಡು ವರ್ಷದಿಂದ ಬಡಗಿ. ಉಳಿಗಳನ್ನು ಮಸೆದು ಕೊಡುವವಳು ಶೈಲಾ. ಅವಳದು ಎಡಗೈ. ಮಸೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ನಾನು ನೋಡುತ್ತಿರುವುದು ಗೊತ್ತಾದರೆ ಹುಬ್ಬು ಹಾರಿಸುತ್ತಿದ್ದಳು. ಆಗ ನಾನು ನುಣ್ಣಗಿದ್ದ ಹಲಗೆಯನ್ನೇ ಮತ್ತೆ ಉಜ್ಜತೊಡಗುತ್ತಿದ್ದೆ.

ಸಾಣೆಕಲ್ಲುಗಳಿಗೆ ಮೇಸ್ತ್ರಿ ಗೊತ್ತುಮಾಡಿದ ಜಾಗ ಬಲಗಡೆಯ ಶೆಲ್ಫ್. ಒರಟು ಕಲ್ಲು, ನಯ ಕಲ್ಲು, ಎಣ್ಣೆ ಡಬ್ಬಿ, ಒರೆಸುವ ಬಟ್ಟೆ. ಆದರೆ ಸಂಜೆ ಅವಳು ಮನೆಗೆ ಹೋದ ಮೇಲೆ ನೋಡಿದರೆ ಎಲ್ಲವೂ ಎಡಗಡೆಗೆ, ಪಕ್ಕದಲ್ಲೇ ಸಾಲಾಗಿ ನನ್ನ ಉಳಿಗಳು. ಮೇಸ್ತ್ರಿ ಅವಳನ್ನು ಬೈದಾರೆಂದು ನಾನು ದಿನಾ ಬಲಗಡೆಗೆ ಎತ್ತಿಡುತ್ತಿದ್ದೆ.

ಆ ದಿನ ಮಾತ್ರ ಅವಳೇ ಕಲ್ಲುಗಳನ್ನು ಒರೆಸಿ ಬಲಗಡೆಗೆ ಇಟ್ಟಳು.

“ಇವತ್ತ ಭಾಳ ಶಾಣ್ಯಾಕಿ ಆಗೀದಿ,” ಎಂದು ಚುಡಾಯಿಸಿದೆ.

“ನನ್ನ ಸಾಮಾನಿನ ಜೋಡಿ ನಿನ್ನ ಉಳಿ ಇಟ್ಟೆ, ಕಳಕೇಶ. ಒಂದ್ ದಿನಾನೂ ಅಲ್ಲೇ ಬಿಡಲಿಲ್ಲ ನೀ. ನಾ ಬ್ಯಾಡಾಗೀನಿ ಅಂತ ತಿಳಕೊಂಡೆ. ಮುಂಡರಗಿಯವರು ನೋಡಾಕ ಬಂದಾಗ ಹ್ಞೂಂ ಅಂದೆ.”

“ನಿಮ್ಮಪ್ಪ ನಿನಗ ಬೈಬಾರದು ಅಂತ ತೆಗೀತಿದ್ದೆ. ನೀ ಅಂದ್ರ ನನಗ ಜೀವ, ಶೈಲಾ.”

ಅವಳು ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದಳು. “ಬಾಯಿಬಿಟ್ಟು ಹೇಳಾಕ ಏನಾಗಿತ್ತು?”

“ನಿನಗೇನಾಗಿತ್ತು?”

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು.

“ಈಗರೆ ಮೇಸ್ತ್ರಿಗೆ ಹೇಳೋಣೇನು?” ಎಂದೆ.

“ಕಾರ್ಡ್ ಹಂಚಿ ಆಗೇತಿ. ಮುಂಡರಗಿ ಹುಲಿಗೇಶ ದಿನಾ ಫೋನ್ ಮಾಡಿ ಊಟ ಆತೇನು ಅಂತ ಕೇಳ್ತಾನ. ಭಾಳ ಚಲೋ ಮನಷ್ಯಾ. ಅವನಿಗೆ ಹ್ಯಾಂಗ ಒಲ್ಲೆ ಅನ್ನಲಿ?”

ಅವಳು ಬಟ್ಟೆಯನ್ನು ಮಡಚಿ ಎಣ್ಣೆ ಡಬ್ಬಿಯ ಮೇಲಿಟ್ಟು ಹೋದಳು.

ಅವಳು ಮದುವೆಯಾಗಿ ಮುಂಡರಗಿಗೆ ಹೊರಟ ಮರುದಿನ ನಾನೇ ಎಲ್ಲವನ್ನೂ ಎಡಗಡೆಗೆ ಜೋಡಿಸಿದೆ. ಪಕ್ಕದಲ್ಲಿ ನನ್ನ ಉಳಿಗಳನ್ನೂ ಇಟ್ಟೆ.

ಮೇಸ್ತ್ರಿ ಬಂದವರೇ ರೇಗಿದರು. “ಯಾವನಲೇ ಇದನ್ನ ಇಲ್ಲಿಟ್ಟಾಂವ?”

“ನಾನರಿ,” ಎಂದೆ.

ಅವಳಿಗೆ ಬೀಳಬಾರದೆಂದು ಎರಡು ವರ್ಷ ತಪ್ಪಿಸಿದ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದೆ. ಕಲ್ಲುಗಳನ್ನು ಮಾತ್ರ ಎತ್ತಲಿಲ್ಲ.