ರಾಕೆಟ್ಟಿಗೆ ಕೊಪ್ಪೆ

ಅನುಮಾನವಿದ್ದರೆ ನನ್ನ ಸಹಪಾಠಿ ಪ್ರಮೋದಾಳನ್ನು ಕೇಳಿ, ಅವಳೂ ಅಲ್ಲಿದ್ದಳು.

ಕುಂದಾಣದ ಹತ್ತಿರ ರಾಮಾಂಜಿನಪ್ಪನವರ ಬೀಳು ಹೊಲದಲ್ಲಿ ನಮ್ಮ ಕಾಲೇಜಿನ ರಾಕೆಟ್ ಲಾಂಚ್ ಪ್ಯಾಡ್ ಮೇಲೆ ನಿಂತಿತ್ತು, ಎರಡಾಳೆತ್ತರ. ಮಧ್ಯಾಹ್ನ ಹಾರಿಸಬೇಕು ಅನ್ನುವಷ್ಟರಲ್ಲಿ ಮೋಡ ಕವಿಯಿತು. ಟಾರ್ಪಾಲು ಸುತ್ತಿ ಹಗ್ಗ ಬಿಗಿದೆವು.

"ಸುತ್ತಿದ್ರೆ ನಿಲ್ಲಲ್ಲ ಕಣಪ್ಪ. ಮಳೇಲಿ ನಿಂತೋರಿಗೆ ಕಂಬಳಿ ಕೊಪ್ಪೆ ಹಾಕ್ಬೇಕು, ತಲೆಯಿಂದ," ಎಂದರು ರಾಮಾಂಜಿನಪ್ಪ. ನಾವು ನಕ್ಕು, ಅವರನ್ನೂ ಕರೆದುಕೊಂಡು ವ್ಯಾನ್ ಹತ್ತಿದೆವು.

ಆಲಿಕಲ್ಲು ಶುರುವಾದ ಕೂಡಲೇ ಟಾರ್ಪಾಲು ಹಾರಿಹೋಯಿತು. ಆಮೇಲೆ ಏನೂ ಕಾಣಲಿಲ್ಲ. ತುದಿಗೆ ಏಟು ಬಿದ್ದರೆ ವರ್ಷದ ಕೆಲಸ ಹೋದಂತೆಯೇ. ರಾಕೆಟ್ಟಿನೊಳಗಿನ ಸೆನ್ಸರ್ ಕಳಿಸುತ್ತಿದ್ದ ತಾಪಮಾನ ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಯುತ್ತಲೇ ಇತ್ತು. ಇದ್ದಕ್ಕಿದ್ದಂತೆ ಏರತೊಡಗಿ, ಮೂವತ್ತೇಳು ಡಿಗ್ರಿಗೆ ನಿಂತಿತು.

"ಇದು ಮನುಷ್ಯರ ಮೈ ಬಿಸಿ ಅಲ್ವೇನೋ?" ಎಂದಳು ಪ್ರಮೋದಾ.

ಮಳೆ ನಿಂತಾಗ ಹೊಲವೆಲ್ಲ ಬೆಳ್ಳಗಿತ್ತು. ರಾಕೆಟ್ಟಿನ ತುದಿಯಲ್ಲಿ ಹಳೆಯ ಕರಿ ಕಂಬಳಿಯೊಂದು ಕೊಪ್ಪೆಯಾಗಿ ಕೂತಿತ್ತು, ಗಾಳಿಗೆ ಬೆನ್ನು ಕೊಟ್ಟು. ಸುತ್ತಲಿನ ಆಲಿಕಲ್ಲಿನ ಮೇಲೆ ಒಂದೂ ಹೆಜ್ಜೆಯಿರಲಿಲ್ಲ.

"ನಂದಲ್ಲಪ್ಪ," ಎಂದರು ರಾಮಾಂಜಿನಪ್ಪ, ನಾವು ಕೇಳುವ ಮೊದಲೇ.

ಕಂಬಳಿ ಇಳಿಸಿ ಮುಟ್ಟಿ ನೋಡಿದೆ. ಹೊರಗೆ ನೆನೆದಿತ್ತು, ಒಳಗೆ ಬೆಚ್ಚಗಿತ್ತು. ಏಣಿಯಿಲ್ಲದೆ ಆ ತುದಿ ಯಾರಿಗೂ ಎಟುಕುವುದಿಲ್ಲ. ಇದ್ದದ್ದು ಒಂದೇ ಏಣಿ. ಮಳೆ ನಿಲ್ಲುವವರೆಗೂ ವ್ಯಾನಿನಲ್ಲಿ ನಾನು ಅದರ ಮೇಲೆಯೇ ಕೂತಿದ್ದೆ.